ದೀಪಾಲಿಯ ಪ್ಲೇಟಿನ ಜಿಲೇಬಿ

ದೀಪಾಲಿ ಮತ್ತೆ ಜಿಲೇಬಿ ಕೌಂಟರಿನ ಮುಂದೆ ಬಂದು ನಿಂತಾಗ, ಕಡಾಯಿಯ ಹಿಂದಿದ್ದ ಅಣ್ಣ ಇಕ್ಕಳ ಹಿಡಿದುಕೊಂಡೇ ಅವಳನ್ನು ತಲೆಯಿಂದ ಕಾಲಿನವರೆಗೆ ನೋಡಿದ.

"ಅಜೂನ್?" ಎಂದ ಮರಾಠಿಯಲ್ಲಿ. ಇನ್ನೂ ಬೇಕಾ ಅಂತ.

ದೀಪಾಲಿ ಹೂಂ ಎಂದು ತಲೆಯಾಡಿಸಿದಳು. ಅವಳ ಪ್ಲೇಟಿನಲ್ಲಿ ಆಗಲೇ ಪೂರಿ, ಪನೀರ್ ಪಲ್ಯ, ಬಟಾಟೆ ವಡೆ ಒಂದರ ಮೇಲೊಂದು ಕೂತಿದ್ದವು. ಅಣ್ಣ ಎರಡು ಜಿಲೇಬಿ ಹಾಕಿದ. ಅವಳು ಕದಲದೆ ನಿಂತದ್ದನ್ನು ನೋಡಿ ಇನ್ನೆರಡು ಹಾಕಿದ. ಈ ಸಣಕಲು ಹುಡುಗಿ ಇದನ್ನೆಲ್ಲ ಎಲ್ಲಿ ತುಂಬಿಕೊಳ್ಳುತ್ತಾಳೆ ಎಂದು ಅವನಿಗೆ ನಗು ಬಂತು.

ಜಿಲೇಬಿ ಅಂದರೆ ದೀಪಾಲಿಗೆ ಅಷ್ಟಕ್ಕಷ್ಟೆ. ಕೈಯೆಲ್ಲ ಅಂಟಂಟಾಗುತ್ತದೆ. ಅವು ಅಪ್ಪನಿಗೆ. ಆದರೆ ಅದನ್ನು ಯಾರಿಗೂ ಹೇಳುವ ಹಾಗಿರಲಿಲ್ಲ.

ಅಪ್ಪ ಶಿವರಾಜ ಮೂಲೆಯ ಟೇಬಲಿನಲ್ಲಿ, ಊಟ ಇಟ್ಟಿದ್ದ ಸಾಲಿಗೆ ಬೆನ್ನು ಹಾಕಿ ಕೂತಿದ್ದ. ಅವನ ಮುಂದೆ ಒಂದು ಚಿಕ್ಕ ಪ್ಲೇಟು. ಅದರಲ್ಲಿ ಸೌತೆಕಾಯಿ, ಗಜ್ಜರಿ, ಅರ್ಧ ಲಿಂಬೆಹಣ್ಣು. ನೋಡಿದವರಿಗೆ ಅಯ್ಯೋ ಪಾಪ ಅನಿಸಬೇಕು, ಹಾಗಿತ್ತು ಆ ಊಟ.

"ತಂದ್ಯಾ?" ಅಪ್ಪ ತುಟಿ ಅಲುಗಿಸದೆ ಕೇಳಿದ.

"ತಂದೀನಿ. ಆ ಅಣ್ಣ ನನ್ನ ನೋಡಿ ನಗಲಿಕತ್ತಾನ."

"ನಗಲಿ ಬಿಡು. ನಿನ್ನ ಮುಂದ ಇಟ್ಕೊ. ಸ್ವಲ್ಪ ನನ್ನ ಕಡೆ ಸರಿಸು. ಹಾಂ, ಅಷ್ಟ ಸಾಕು."

ಟಿಶ್ಯೂ ಪೇಪರ್ ತೆಗೆದುಕೊಳ್ಳುವ ನೆಪದಲ್ಲಿ ಅಪ್ಪನ ಕೈ ಈಚೆ ಬಂತು. ಒಂದು ಜಿಲೇಬಿ ಮಾಯವಾಯಿತು. ಅಪ್ಪ ಅಗಿಯಲಿಲ್ಲ. ಆ ಕಡೆ ಈ ಕಡೆ ನೋಡುತ್ತಾ ಗಬಕ್ಕನೆ ನುಂಗಿದ. ಆಮೇಲೆ ಒಂದು ಸೌತೆಕಾಯಿ ಹೋಳು ಬಾಯಿಗೆ ಹಾಕಿಕೊಂಡು, ಪಕ್ಕದ ಟೇಬಲಿಗೂ ಕೇಳಿಸುವಂತೆ ಕರಕರ ಅಗಿದ.

ಅಪ್ಪನ ಮೊಣಕಾಲು ನೋಯಲು ಶುರುವಾಗಿ ಕೆಲವು ತಿಂಗಳಾಗಿತ್ತು. ತೂಕ ಇಳಿಸಲೇಬೇಕು ಎಂದು ಡಾಕ್ಟರು ಹೇಳಿದ್ದರು. ಕೊಂಢವಾ ಬಡಾವಣೆಯ ಅವರ ವಸತಿ ಸೊಸೈಟಿಯಲ್ಲಿ ಹೀಗೆ ಡಾಕ್ಟರಿಂದ ಹೇಳಿಸಿಕೊಂಡ ಕನ್ನಡದವರು ಬಹಳ ಮಂದಿ ಇದ್ದರು. ಅವರನ್ನೆಲ್ಲ ಸೇರಿಸಿ, ಮೂರನೇ ಮಹಡಿಯ ಕುಸುಮ ಆಂಟಿ 'ಹಗುರ ಬಳಗ' ಎಂದು ಒಂದು ವಾಟ್ಸಾಪ್ ಗ್ರೂಪ್ ಮಾಡಿದ್ದರು. ಬೆಳಿಗ್ಗೆ ಎಲ್ಲರೂ ಕೂಡಿ ಬಿಲ್ಡಿಂಗ್ ಸುತ್ತ ನಡೆಯುತ್ತಿದ್ದರು. ಮಧ್ಯಾಹ್ನ ತಾವು ತಿನ್ನುವ ಊಟದ ಫೋಟೋ ಹಾಕುತ್ತಿದ್ದರು. ತೂಕ ಎಷ್ಟು ಇಳಿಯಿತೋ ಯಾರಿಗೂ ಗೊತ್ತಿಲ್ಲ. ಫೋಟೋಗಳು ಮಾತ್ರ ಬಹಳ ಚೆನ್ನಾಗಿ ಬರುತ್ತಿದ್ದವು.

ಇಷ್ಟು ದಿನ ಶಿಸ್ತಿನಿಂದ ಇದ್ದೇವಲ್ಲ, ಒಂದು ಸಮಾರಂಭ ಮಾಡಬೇಕು ಎಂದು ಬಳಗಕ್ಕೆ ಅನ್ನಿಸಿತು. ತೂಕ ಇಳಿಸಿದ ಸಂತೋಷಕ್ಕೆ ಎಲ್ಲಿ ಸೇರುವುದು? ಮಹಾಲಿಂಗ ಅಂಕಲ್ ಅವರ ಹೋಟೆಲಿನಲ್ಲಿ ಭಾನುವಾರ ಬಫೆ ಇರುತ್ತದೆ, ಅಲ್ಲಿಗೇ ಹೋಗೋಣ ಎಂದರು ಕುಸುಮ ಆಂಟಿ. ಬಫೆಯಲ್ಲಿ ಯಾರೂ ಒತ್ತಾಯ ಮಾಡಿ ಬಡಿಸುವುದಿಲ್ಲ, ಬೇಕಾದಷ್ಟೇ ಹಾಕಿಕೊಳ್ಳಬಹುದು ಎಂದು ಕಾರಣವನ್ನೂ ಕೊಟ್ಟರು. ಎಲ್ಲರೂ ಕೂಡಲೇ ಒಪ್ಪಿದರು. ಅಷ್ಟು ಬೇಗ ಆ ಬಳಗ ಬೇರೆ ಯಾವುದನ್ನೂ ಒಪ್ಪಿದ್ದಿಲ್ಲ.

ಹಿಂದಿನ ದಿನವೇ ಗ್ರೂಪಿನಲ್ಲಿ ನಿಯಮಗಳು ಬಂದಿದ್ದವು. ಚಿಕ್ಕ ಪ್ಲೇಟು ತೆಗೆದುಕೊಳ್ಳಿ. ಮೊದಲು ಸೂಪು, ಸಲಾಡು. ಊಟದ ಸಾಲಿಗೆ ಬೆನ್ನು ಹಾಕಿ ಕೂರಿ. ಎರಡನೆಯ ಸಲ ಎದ್ದು ಹೋಗಬೇಡಿ. ಕೊನೆಗೆ, ಮಕ್ಕಳಿಗೆ ಯಾವ ನಿಯಮವೂ ಇಲ್ಲ ಎಂದಿತ್ತು.

ಅಪ್ಪ ಎಲ್ಲವನ್ನೂ ಚಾಚೂ ತಪ್ಪದೆ ಪಾಲಿಸುತ್ತಿದ್ದ.

"ಅಪ್ಪಾ, ಇದ ಕಡೀದು. ನಾ ಮತ್ತ ಹೋಗೂದಿಲ್ಲ," ಎಂದಳು ದೀಪಾಲಿ.

"ಇನ್ನ ಒಂದ ಸಲ. ಅಲ್ಲೆ ಗಾಜರ್ ಹಲ್ವಾ ಅದ, ನೋಡಿದ್ಯಾ?"

"ನೀವು ಹಿಂದ ತಿರುಗಿ ಕೂತೀರಿ. ನಿಮಗ ಹೆಂಗ ಕಾಣಿಸ್ತು?"

"ವಾಸನಿ ಬಂತು," ಎಂದ ಅಪ್ಪ. "ಲಗೂನ ತಾ. ಬಹುಮಾನ ಕೊಡೂದ್ರಾಗ ಮುಗಿಸ್ಬೇಕು."

ಬಹುಮಾನ ಅಪ್ಪನಿಗೇ ಬರುವುದಿತ್ತು. ಬಳಗದ ಮೊದಲ 'ಶಿಸ್ತಿನ ಬಹುಮಾನ'. ಎಲ್ಲರಿಗಿಂತ ಒಳ್ಳೆಯ ಫೋಟೋ ಅವನದೇ. ಸೌತೆಕಾಯಿಯನ್ನು ಹೂವಿನ ಹಾಗೆ ಜೋಡಿಸಿ, ಕಿಟಕಿಯ ಬೆಳಕಿನಲ್ಲಿ ಇಟ್ಟು, ಆ ಫೋಟೋ ತೆಗೆಯುತ್ತಿದ್ದವಳು ದೀಪಾಲಿ. ಫೋಟೋ ಆದ ಮೇಲೆ ಆ ಸೌತೆಕಾಯಿ ಅವ್ವನ ಕೋಸಂಬರಿಗೆ ಹೋಗುತ್ತಿತ್ತು. ಅವ್ವ ಇವತ್ತು ಚಿಂಚವಾಡದಲ್ಲಿದ್ದ ತಂಗಿಯ ಮನೆಗೆ ಹೋಗಿದ್ದಳು. ಹೋಗುವಾಗ, "ಅಪ್ಪನ ಮ್ಯಾಲ ಲಕ್ಷ್ಯ ಇಡು," ಎಂದು ಮಗಳಿಗೆ ಹೇಳಿದ್ದಳು. ದೀಪಾಲಿ ಲಕ್ಷ್ಯ ಇಟ್ಟೇ ಇದ್ದಳು. ಅಪ್ಪ ಏನೇನು ತಿಂದ ಎಂದು ಕೇಳಿದರೆ ಒಂದೂ ಬಿಡದೆ ಹೇಳುತ್ತಿದ್ದಳು.

ಅವಳ ಹೆದರಿಕೆ ಬೇರೆಯೇ ಇತ್ತು. ಪಕ್ಕದ ಟೇಬಲಿನಲ್ಲಿ ರೋಹಿತ ಕೂತಿದ್ದ. ಅವನದೂ ಐದನೇ ಕ್ಲಾಸು, ಅವಳದೇ ಡಿವಿಜನ್. ಕ್ಲಾಸಿನಲ್ಲಿ ಎಲ್ಲರಿಗೂ ಅಡ್ಡಹೆಸರು ಇಡುವವನು ಅವನೇ. ಒಮ್ಮೆ ಮಾಂತು ಎರಡು ಡಬ್ಬಿ ತಂದು ತಿಂದನೆಂದು 'ಡಬಲ್ ಡಬ್ಬಿ' ಎಂದು ಕರೆದಿದ್ದ. ಪಾಪ ಮಾಂತುವನ್ನು ಈಗ ಪಿ.ಟಿ. ಸರ್ ಕೂಡ ಹಾಗೇ ಕರೆಯುತ್ತಾರೆ. ಅಂಥ ರೋಹಿತ ಇಷ್ಟು ಹೊತ್ತಿನಿಂದ ಅವಳ ಪ್ಲೇಟನ್ನೇ ನೋಡುತ್ತಿದ್ದ.

ಅಷ್ಟರಲ್ಲಿ ಕುಸುಮ ಆಂಟಿ ಮೈಕ್ ಹಿಡಿದು ಟೇಬಲುಗಳ ನಡುವೆ ಬಂದರು.

"ಎಲ್ಲರೂ ಒಮ್ಮೆ ಈ ಕಡೆ ನೋಡಿ. ಶಿವರಾಜ್ ಅವರ ಪ್ಲೇಟು ನೋಡಿ ಮಾರಾಯ್ರೆ. ಇಷ್ಟೆಲ್ಲ ತಿಂಡಿ ಉಂಟು, ಇವರು ಮುಟ್ಟಲಿಲ್ಲ."

ಚಪ್ಪಾಳೆ ಬಿತ್ತು. ಅಪ್ಪ ನಾಚಿಕೊಂಡವನ ಹಾಗೆ ಮೀಸೆ ಒರೆಸಿಕೊಂಡ. ಮೀಸೆಯಲ್ಲಿ ಜಿಲೇಬಿಯ ಪಾಕ ಇತ್ತು.

ಆಮೇಲೆ ಆಂಟಿಯ ಕಣ್ಣು ದೀಪಾಲಿಯ ಪ್ಲೇಟಿನ ಮೇಲೆ ಬಿತ್ತು.

"ಇದೆಂತದು ಮಗಾ? ಇಷ್ಟೂ ನಿನಗಾ?" ಮೈಕ್ ಬಾಯಿಯ ಹತ್ತಿರವೇ ಇತ್ತು. "ಈಗ ಸಪೂರ ಇದ್ದಿ, ಸರಿ. ಹೀಗೆ ತಿಂದ್ರೆ ಮುಂದೆ ಕಷ್ಟ ಉಂಟು. ಹತ್ತಿರದಲ್ಲೇ ಅಪ್ಪ ಇದ್ದಾರಲ್ಲ, ಅವರನ್ನು ನೋಡಿ ಕಲಿ."

ಎಲ್ಲರೂ ನಕ್ಕರು. ದೀಪಾಲಿ ಅಪ್ಪನ ಮುಖ ನೋಡಿದಳು. ಅದು ನನ್ನದು ಅಂತ ಒಂದು ಮಾತು ಹೇಳಿದರೆ ಸಾಕಿತ್ತು. ತಮಾಷೆಯಾಗಿ ಹೇಳಿದರೂ ನಡೆಯುತ್ತಿತ್ತು.

ಅಪ್ಪ ಸೌತೆಕಾಯಿಯನ್ನು ನೋಡಿದ. ಲಿಂಬೆಹಣ್ಣನ್ನು ನೋಡಿದ. ಆಮೇಲೆ, "ಭಾಳ ಸಲ ಹೇಳೀನ್ರಿ. ಕೇಳೂದ ಇಲ್ಲ," ಎಂದ.

ದೀಪಾಲಿಯ ಕಿವಿ ಬಿಸಿಯಾಯಿತು. ಕುಸುಮ ಆಂಟಿ ಬೈದದ್ದು ಅವಳಿಗೆ ಅಷ್ಟು ಅನಿಸಲಿಲ್ಲ. ಅಪ್ಪ ಹಾಗೆ ಅಂದದ್ದು ಎದೆಯಲ್ಲಿ ಚುಚ್ಚಿತು. ಅಳು ಬರುವ ಮೊದಲೇ, "ಕೈ ತೊಳ್ಕೊಂಡ ಬರ್ತೀನಿ," ಎಂದು ಎದ್ದು ಹೋದಳು.

ಅವಳು ಬೇಸಿನ್ ಹತ್ತಿರ ನಿಂತು ಸುಮ್ಮನೆ ನೀರು ಬಿಟ್ಟುಕೊಂಡಿದ್ದಾಗ ರೋಹಿತ ಬಂದ. ಈಗ ಅಡ್ಡಹೆಸರು ಬರುತ್ತದೆ ಎಂದು ಅವಳು ಹಲ್ಲು ಕಚ್ಚಿ ಕಾದಳು.

"ನಿಮ್ಮಪ್ಪಂದಾ?" ಎಂದು ರೋಹಿತ ಮೆಲ್ಲಗೆ ಕೇಳಿದ.

"ಏನು?"

"ಜಿಲೇಬಿ."

ದೀಪಾಲಿ ನೀರಿನ ಕೆಳಗೆ ಕೈ ತಿಕ್ಕತೊಡಗಿದಳು.

"ನನ್ನ ಮುಂದ ಅದಾವಲ್ಲ, ಗುಲಾಬ್ ಜಾಮೂನ್? ಅವು ನಮ್ಮ ಮಮ್ಮೀವು. ನನಗ ಈಗ ಜಾಮೂನ್ ನೋಡಿದ್ರ ವಾಂತಿ ಬಂದಂಗ ಆಗ್ತದ."

ದೀಪಾಲಿ ನಳ ಬಂದ್ ಮಾಡಿದಳು. ಇಬ್ಬರೂ ತಿರುಗಿ ನಿಂತು ಊಟದ ಹಾಲ್ ಕಡೆ ನೋಡಿದರು. ಇಲ್ಲಿಂದ ಎಲ್ಲ ಟೇಬಲುಗಳೂ ಕಾಣುತ್ತಿದ್ದವು. ನಿಜಲಿಂಗಪ್ಪ ಅಜ್ಜನ ಮುಂದೆ ಸಲಾಡು. ಅಜ್ಜನ ಮೊಮ್ಮಗಳು ಸುರಭಿಯ ಮುಂದೆ ಪೂರಿಯ ರಾಶಿ. ಸುರಭಿ ಅದನ್ನು ಮುಟ್ಟದೆ ಟಿಶ್ಯೂ ಪೇಪರಿನಲ್ಲಿ ದೋಣಿ ಮಾಡುತ್ತಿದ್ದಳು. ಆದರೂ ಪೂರಿ ಕಡಿಮೆಯಾಗುತ್ತಿದ್ದವು. ಯಾವ ಟೇಬಲ್ ನೋಡಿದರೂ ಅದೇ ಕತೆ. ದೊಡ್ಡವರ ಮುಂದೆ ಸೌತೆಕಾಯಿ, ಮಕ್ಕಳ ಮುಂದೆ ಗುಡ್ಡ. ಮಕ್ಕಳನ್ನು ಕರೆದುಕೊಂಡೇ ಬರ್ರಿ ಎಂದು ಬಳಗದವರೆಲ್ಲ ಒಬ್ಬರಿಗೊಬ್ಬರು ಯಾಕೆ ಹೇಳುತ್ತಿದ್ದರು ಎಂದು ದೀಪಾಲಿಗೆ ಈಗ ತಿಳಿಯಿತು.

"ಅಲ್ಲಿ ನೋಡು," ಎಂದು ರೋಹಿತ ಅವಳ ತೋಳು ತಿವಿದ.

ಕುಸುಮ ಆಂಟಿಯ ಮೊಮ್ಮಗ ಪುಟ್ಟ ಸುಖೇಶ್ ಎತ್ತರದ ಕುರ್ಚಿಯಲ್ಲಿ ನಿದ್ದೆ ಹೋಗಿದ್ದ. ಕತ್ತು ಒಂದು ಕಡೆ ವಾಲಿತ್ತು. ಅವನ ಮುಂದೆ ದೊಡ್ಡ ಬಟ್ಟಲಿನಲ್ಲಿ ಐಸ್‌ಕ್ರೀಮ್ ಇತ್ತು. ಆಂಟಿ ಒಂದು ಕೈಯಲ್ಲಿ ಮೈಕ್ ಹಿಡಿದು ಮೆಂತ್ಯದ ನೀರಿನ ಗುಣ ಹೇಳುತ್ತಿದ್ದರು. ಇನ್ನೊಂದು ಕೈಯಲ್ಲಿ ಚಮಚ ಇತ್ತು.

ಇಬ್ಬರೂ ಬಾಯಿ ಮುಚ್ಚಿಕೊಂಡು ನಕ್ಕರು. ಹೊಟ್ಟೆ ಹಿಡಿದುಕೊಂಡು ನಕ್ಕರು.

"ಹೇಳಿಬಿಡೋಣೇನು, ಜೋರಾಗಿ?" ಎಂದ ರೋಹಿತ.

ಹೇಳಿದರೆ ಎಲ್ಲರೂ ಅಪ್ಪನನ್ನು ನೋಡಿ ನಗುತ್ತಾರೆ. ದೀಪಾಲಿಗೆ ಅಪ್ಪನ ಮೇಲೆ ಬಹಳ ಸಿಟ್ಟಿತ್ತು. ಆದರೂ ಅದು ಅವಳಿಗೆ ಬೇಡವಾಗಿತ್ತು.

"ಬ್ಯಾಡ. ನಾವು ಬ್ಯಾರೆ ಟೇಬಲ್‌ಗೆ ಕೂಡೋಣ. ಅಷ್ಟ."

ಬಾಗಿಲ ಹತ್ತಿರ ಒಂದು ಟೇಬಲ್ ಖಾಲಿ ಇತ್ತು. ಇಬ್ಬರೂ ಅಲ್ಲಿ ಹೋಗಿ ಕೂತರು. ಅದನ್ನು ನೋಡಿ ಸುರಭಿ ತನ್ನ ದೋಣಿ ಹಿಡಿದುಕೊಂಡು ಓಡಿ ಬಂದಳು. ಆಮೇಲೆ ಉಳಿದ ಮಕ್ಕಳೂ ಒಬ್ಬೊಬ್ಬರಾಗಿ ಎದ್ದು ಬಂದರು. ಮಕ್ಕಳು ಒಂದು ಕಡೆ ಸೇರಿದರೆ ಯಾರೂ ತಡೆಯುವುದಿಲ್ಲವಲ್ಲ. ಆದರೆ ಪ್ಲೇಟುಗಳು ಇದ್ದಲ್ಲೇ ಉಳಿದವು.

ಈಗ ಊಟದ ಹಾಲ್‌ನಲ್ಲಿ ಒಬ್ಬೊಬ್ಬ ದೊಡ್ಡವರ ಹತ್ತಿರ ಒಂದು ಸೌತೆಕಾಯಿ ಪ್ಲೇಟು, ಒಂದು ತುಂಬಿದ ಪ್ಲೇಟು, ನಡುವೆ ಒಂದು ಖಾಲಿ ಕುರ್ಚಿ ಇತ್ತು. ಯಾರೂ ಯಾರ ಮುಖವನ್ನೂ ನೋಡಲಿಲ್ಲ. ವೇಟರ್ ಬಂದು, ಯಾರೂ ಇಲ್ಲವಲ್ಲ ಎಂದು ದೀಪಾಲಿಯ ಜಿಲೇಬಿ ಪ್ಲೇಟು ಎತ್ತಲು ಹೋದ. ಅಪ್ಪ ತಟ್ಟನೆ ಪ್ಲೇಟಿನ ಅಂಚು ಹಿಡಿದುಕೊಂಡ. ವೇಟರ್ ಸ್ವಲ್ಪ ಎಳೆದ. ಅಪ್ಪ ಬಿಡಲಿಲ್ಲ.

ಆಗಲೇ ಮೈಕಿನಲ್ಲಿ ಅಪ್ಪನ ಹೆಸರು ಬಂತು.

ಅಪ್ಪ ಮೊಣಕಾಲು ಹಿಡಿದುಕೊಂಡು ಎದ್ದು ಮುಂದೆ ಹೋದ. ಮಹಾಲಿಂಗ ಅಂಕಲ್ ಬಣ್ಣದ ಕಾಗದ ಸುತ್ತಿದ ಡಬ್ಬ ಕೊಟ್ಟರು. ಒಳಗೆ ತೂಕ ನೋಡುವ ಮಷಿನ್ ಇದೆ ಎಂದು ಎಲ್ಲರಿಗೂ ಗೊತ್ತಿತ್ತು. ಎರಡು ಮಾತು ಆಡಿ ಎಂದು ಆಂಟಿ ಮೈಕ್ ಕೊಟ್ಟರು.

"ಎಲ್ಲಾರಿಗೂ ನಮಸ್ಕಾರ್ರಿ," ಎಂದು ಅಪ್ಪ ನಿಲ್ಲಿಸಿದ.

ಡಬ್ಬದ ಮೇಲಿನ ಬಣ್ಣದ ಕಾಗದವನ್ನೇ ನೋಡುತ್ತಾ ನಿಂತ. ಹೋಂವರ್ಕ್ ಮಾಡದ ದಿನ ಟೀಚರ್ ಎಬ್ಬಿಸಿ ನಿಲ್ಲಿಸಿದರೆ ತನ್ನ ಮುಖ ಹೀಗೇ ಇರುತ್ತದೆ ಎಂದು ದೀಪಾಲಿಗೆ ಅನ್ನಿಸಿತು. ಥ್ಯಾಂಕ್ಯೂ ಹೇಳಿ ಬಂದುಬಿಡುತ್ತಾನೆ ಅಂದುಕೊಂಡಳು. ಹಾಗೆ ಬಂದುಬಿಟ್ಟರೆ ಅಪ್ಪನ ಜೊತೆ ಹೇಗೆ ಮನೆಗೆ ಹೋಗುವುದು ಎಂದು ಅವಳಿಗೆ ಗೊತ್ತಾಗಲಿಲ್ಲ.

"ಆ ಜಿಲೇಬಿ ಹುಡುಗೀವಲ್ರಿ. ನನ್ನವು," ಎಂದ ಅಪ್ಪ. "ಪೂರೀನೂ ನನ್ನವ. ನಾನ ಆಕಿ ಕಡಿಂದ ತರಿಸೀನಿ. ಆಕಿ ಒಂದೂ ತಿಂದಿಲ್ಲ. ತಿಂದಾವ ನಾನು, ಬೈಸ್ಕೊಂಡಾಕಿ ಆಕಿ. ಅದರ ಮ್ಯಾಲ ನಾನ ಸುಳ್ಳ ಹೇಳಿದೆ. ತಪ್ಪಾತು." ಡಬ್ಬವನ್ನು ಮೇಜಿನ ಮೇಲೆ ಇಟ್ಟ. "ಇದು ನನಗ ಬ್ಯಾಡ್ರಿ."

ಈ ಸಲ ಯಾರೂ ಚಪ್ಪಾಳೆ ತಟ್ಟಲಿಲ್ಲ. ನಗಲೂ ಇಲ್ಲ. ರೋಹಿತನ ಮಮ್ಮಿ ಅನುಜಾ ಆಂಟಿ, ಮಗನ ಖಾಲಿ ಕುರ್ಚಿಯ ಮುಂದಿದ್ದ ಜಾಮೂನ್ ಪ್ಲೇಟನ್ನು ಸದ್ದಾಗದಂತೆ ತಮ್ಮ ಕಡೆ ಎಳೆದುಕೊಂಡರು. ನಿಜಲಿಂಗಪ್ಪ ಅಜ್ಜ ಸದ್ದು ಮಾಡಿಕೊಂಡೇ ಪೂರಿ ಎಳೆದುಕೊಂಡರು. ಕುಸುಮ ಆಂಟಿ, "ಬಹುಮಾನದ ವಿಷಯ ಮತ್ತೆ ನೋಡುವ," ಎಂದು ಹೇಳಿ ಅಪ್ಪನಿಂದ ಮೈಕ್ ತೆಗೆದುಕೊಂಡು ಆಫ್ ಮಾಡಿದರು. ಅವರ ಚಮಚ ಇನ್ನೂ ಕೈಯಲ್ಲೇ ಇತ್ತು.

ಅಪ್ಪ ಮಕ್ಕಳ ಟೇಬಲಿನ ಹತ್ತಿರ ಬಂದು ನಿಂತ.

"ನೀ ಏನ ತಿಂದಿ?" ಎಂದು ಕೇಳಿದ.

"ಏನೂ ಇಲ್ಲ."

ಅಪ್ಪ ತಲೆ ತಗ್ಗಿಸಿದ. "ಏನ್ ಬೇಕು ಹೇಳು. ನಾ ತರ್ತೀನಿ."

"ಮೊಸರನ್ನ. ಹಪ್ಪಳ."

ಅಪ್ಪ ತಾನೇ ಹೋಗಿ ಸಾಲಿನಲ್ಲಿ ನಿಂತ. ಎಲ್ಲರೂ ನೋಡುತ್ತಿದ್ದರು. ನೋಡಲಿ ಎಂಬಂತೆ ನಿಂತಿದ್ದ. ವಾಪಸ್ ಬಂದು ಅವಳ ಮುಂದೆ ಮೊಸರನ್ನ, ಹಪ್ಪಳ ಇಟ್ಟು, ತನ್ನ ಪ್ಲೇಟು ಹಿಡಿದುಕೊಂಡು ಅವಳ ಪಕ್ಕದಲ್ಲಿ ಕೂತ. ಅದರಲ್ಲಿ ಒಂದು ಜಿಲೇಬಿ ಇತ್ತು.

ಅಪ್ಪ ಅದರ ಒಂದು ಎಳೆ ಮುರಿದು ಬಾಯಿಗೆ ಹಾಕಿಕೊಂಡ. ಅಗಿದ. ಆಮೇಲೆ ಇನ್ನೊಂದು ಎಳೆ. ಯಾರಾದರೂ ನೋಡುತ್ತಾರೇನೋ ಎಂದು ಆ ಕಡೆ ಈ ಕಡೆ ತಿರುಗಲಿಲ್ಲ. ಬೆರಳಿಗೆ ಅಂಟಿದ ಪಾಕವನ್ನೂ ಚೀಪಿದ. ಒಂದು ಜಿಲೇಬಿಯನ್ನು ಅಪ್ಪ ಇಷ್ಟು ಹೊತ್ತು ತಿಂದದ್ದನ್ನು ದೀಪಾಲಿ ನೋಡಿಯೇ ಇರಲಿಲ್ಲ.

"ಮತ್ತ ತರ್ಲೇನು?" ಎಂದು ಕೇಳಿದಳು.

ಅಪ್ಪ ಕೌಂಟರಿನ ಕಡೆ ಒಮ್ಮೆ ನೋಡಿದ. "ಬ್ಯಾಡ. ಭಾಳ ರುಚಿ ಇತ್ತು," ಎಂದು ನೀರು ಕುಡಿದ.

ಹಾಗಾದರೆ ಇಷ್ಟು ಹೊತ್ತು ತಾನು ತಂದುಕೊಟ್ಟ ಯಾವುದರ ರುಚಿಯೂ ಅಪ್ಪನಿಗೆ ಸಿಕ್ಕಿರಲಿಲ್ಲ ಎಂದು ದೀಪಾಲಿಗೆ ಹೊಳೆಯಿತು. ಕುರ್ಚಿಯನ್ನು ಅಪ್ಪನ ಕಡೆ ಸ್ವಲ್ಪ ಸರಿಸಿಕೊಂಡು ಮೊಸರನ್ನ ಕಲಸತೊಡಗಿದಳು.