ಒಂದು ಹಲ್ಲು ಮೇಲೆ

ಅಣ್ಣ ತೀರಿಕೊಂಡ ಮೇಲೆ, ಬೇರೆ ಗತಿಯಿಲ್ಲದೆ, ಅವನ ಬೈಕಿನಲ್ಲೇ ಕೆಲಸಕ್ಕೆ ಹೋಗತೊಡಗಿದೆ. ದಪ್ಪ ಬೂಟಿನ ಅವನ ಕಾಲಿಗೆ ತಕ್ಕಂತೆ ಗೇರ್ ಲಿವರ್ ಎತ್ತರದಲ್ಲಿತ್ತು. ನಾನು ಚಪ್ಪಲಿ ಹಾಕುವವನು. ಬೋಲ್ಟ್ ಸಡಿಲಿಸಿ, ಲಿವರನ್ನು ಅದು ಕೂರುವ ದಂಡಿನ ಹಲ್ಲುಗಳಲ್ಲಿ ಒಂದು ಹಲ್ಲು ಕೆಳಗಿಳಿಸಿ ಬಿಗಿದೆ. ಬೆಳಿಗ್ಗೆ ನೋಡಿದರೆ ಮತ್ತೆ ಮೇಲಿತ್ತು.

ಮೂರು ದಿನ ಇದೇ ಪಾಡು. ಇಂಜಿನ್ ತಣ್ಣಗಿದ್ದರೂ ಲಿವರ್ ಮಾತ್ರ ಬೆಚ್ಚಗಿರುತ್ತಿತ್ತು.

"ಅವರ ಕಾಲಿಗೆ ಹಾಗೇ ಬೇಕು. ಬಿಟ್ಟುಬಿಡಪ್ಪಾ," ಎಂದರು ಅತ್ತಿಗೆ, ತಲೆಯೆತ್ತದೆ.

ನಾನು ಕೇಳಲಿಲ್ಲ. ಗ್ಯಾರೇಜಿಗೆ ಒಯ್ದು, ಲಿವರನ್ನು ಇಳಿಸಿ ವೆಲ್ಡಿಂಗ್ ಮಾಡಿಸಿದೆ.

"ಇನ್ನು ಯಾರಪ್ಪ ಬಂದ್ರೂ ಅಲ್ಲಾಡಲ್ಲ," ಎಂದು ಮೆಕ್ಯಾನಿಕ್ ನಕ್ಕ.

ಮರುದಿನ ಅವನನ್ನೇ ಮನೆಗೆ ಕರೆತಂದೆ. ಲಿವರ್ ಮೇಲಿತ್ತು. ಅವನು ಮಂಡಿಯೂರಿ ಬೆಸುಗೆಯ ಸುತ್ತ ಬಹಳ ಹೊತ್ತು ಬೆರಳಾಡಿಸಿದ. ಅದು ಎಲ್ಲೂ ಬಿರಿದಿರಲಿಲ್ಲ.

"ಈ ಬೆಸುಗೆ ನಾನೇ ಹಾಕಿದ್ದು," ಎಂದ ಮೆಲ್ಲಗೆ.