ಬ್ಯಾಟರಿ ಇಲ್ಲದ ಫೋನು

ರಾತ್ರಿ ಹನ್ನೊಂದಕ್ಕೆ ಮೇಜಿನ ಖಾನೆಯೊಳಗೆ ಏನೋ ಟಿಕ್ ಎಂದಿತು. ಒಮ್ಮೆ ಆ್ಯಪ್ ಬರೆದರೆ ಸಾಕು, ಫೋನು, ಲ್ಯಾಪ್‌ಟಾಪು ಎಲ್ಲದರಲ್ಲೂ ಓಡಿಸುತ್ತೇನೆಂದು ಬಡಾಯಿ ಕೊಚ್ಚುವ ಪುಕ್ಕಟೆ ಓಪನ್ ಸೋರ್ಸ್ ಫ್ರೇಮ್‌ವರ್ಕೊಂದನ್ನು ಪರೀಕ್ಷಿಸುತ್ತಿದ್ದೆ. ಪರದೆಯ ಮೇಲೆ ಒತ್ತಿದರೆ ಸಂಖ್ಯೆ ಏರುವ ಒಂದು ಗುಂಡಿಯನ್ನು ಅದರಲ್ಲಿ ಬರೆದಿದ್ದೆ, ಅಷ್ಟಕ್ಕೇ ಅದು ಲ್ಯಾಪ್‌ಟಾಪಿನಲ್ಲಿ ಮೂರು ಸಲ ಮುಗ್ಗರಿಸಿತ್ತು.

"ಇದು ಓಡಿದ್ರೆ, ಫೋನಿಗೆ ಅಂತ ಬೇರೆ ಬರೆಯೋ ನಿಮ್ಮಕ್ಕನ ತಂಡ ಯಾಕಮ್ಮ ಬೇಕು?" ಎಂದಿದ್ದರು ಬೆಳಿಗ್ಗೆ, ನನಗೂ ಅಕ್ಕನಿಗೂ ಒಬ್ಬರೇ ಆದ ಮ್ಯಾನೇಜರು.

"ಓಡಲ್ಲ ಸಾರ್, ತೆವಳುತ್ತೆ," ಎಂದಿದ್ದೆ.

ಖಾನೆ ತೆರೆದೆ. ಹೋದ ವರ್ಷವೇ ಬ್ಯಾಟರಿ ಕಿತ್ತುಹಾಕಿದ್ದ ಹಳೆಯ ಫೋನಿನಲ್ಲಿ ನನ್ನ ಗುಂಡಿ ಬೆಳಗುತ್ತಿತ್ತು. ಯಾರೋ ಒತ್ತಿದಂತೆ ಟಿಕ್ ಎಂದು, ನಲವತ್ತೊಂದು ನಲವತ್ತೆರಡಾಯಿತು. ಫೋನು ಮಂಜುಗಡ್ಡೆಯಂತೆ ಕೊರೆಯುತ್ತಿತ್ತು. ಗಾಜಿನ ಮೇಲೆ ಬೆರಳಿನಷ್ಟು ಜಾಗ ಮಾತ್ರ ಬೆಚ್ಚಗಿತ್ತು.

ಅಕ್ಕನ ತಂಡ ಉಳಿಯಲೆಂದು ವರದಿಯಲ್ಲಿ "ಎಲ್ಲದರಲ್ಲೂ ಓಡುವುದಿಲ್ಲ" ಎಂದು ಬರೆದೆ. ಓಡಿದ್ದನ್ನು ಅಕ್ಕನಿಗೂ ಹೇಳಬಾರದೆಂದು ತೀರ್ಮಾನಿಸುವ ಹೊತ್ತಿಗೆ ಸಂಖ್ಯೆ ಎಪ್ಪತ್ತು ದಾಟಿತ್ತು.