ಸೋಮವಾರದ ಎಣಿಕೆ

ಬೈಪಾಸಿನ ನಟ್ಟನಡುವೆ ದಾಕ್ಷಾಯಿಣಿಯ ಕಾಲುಗಳು ನಿಂತೇ ಹೋದವು.

ಎಡಕ್ಕೊಂದು ಲಾರಿ, ಬಲಕ್ಕೊಂದು ಲಾರಿ. ಎರಡೂ ಹಾರ್ನ್ ಒತ್ತಿಕೊಂಡೇ ಬರುತ್ತಿದ್ದವು. ಮುಂದೆ ಓಡಬೇಕೋ, ಹಿಂದೆ ಸರಿಯಬೇಕೋ... ಎದೆಗವಚಿಕೊಂಡ ಹಾಳೆಗಳು ಪಟಪಟ ಬಡಿದುಕೊಂಡವು. ನಡುದಾರಿಯಲ್ಲಿ ನಿಂತವರನ್ನೇ ಏಳು ಬಾಯಿಯ ರಕ್ಕಸಿ ನುಂಗುತ್ತಾಳೆ ಅಂತ ಅಜ್ಜಿ ಶರಣವ್ವ ಕತೆ ಹೇಳುತ್ತಿದ್ದಳಲ್ಲ, ಆ ದಾರಿ ಇದೇ ಇರಬೇಕು ಅನಿಸಿತು.

ಅಷ್ಟರಲ್ಲಿ ಯಾರೋ ಅವಳ ಬ್ಯಾಗಿನ ಪಟ್ಟಿ ಹಿಡಿದು ಹಿಂದಕ್ಕೆ ಜಗ್ಗಿದರು. ಲಾರಿ ಎಬ್ಬಿಸಿದ ಗಾಳಿಗೆ ಓಢಣಿ ಮುಖದ ಮೇಲೆ ಬಿತ್ತು. ಸರಿಸಿ ನೋಡಿದರೆ ಅವಳು ಬಸ್ ನಿಲ್ದಾಣದ ಬದಿಯ ಮಣ್ಣಲ್ಲಿದ್ದಳು. ಎದುರಿಗೆ ಒಬ್ಬ ಎತ್ತರದ ಹುಡುಗ, ಅವಳಿಗಿಂತ ಹೆಚ್ಚು ಬೆದರಿ ಬೆಳ್ಳಗಾಗಿದ್ದ.

“ಸಾಯಾಕ ಬ್ಯಾರೆ ಜಾಗಾ ಸಿಗಲಿಲ್ಲೇನ್ರಿ?”

“ಎಣಸಾಕ ಬಂದೇನ್ರಿ... ಈ ದಾರಿ ದಾಟೋ ಮಂದೀನ.”

ಅವನು ಉಸಿರು ಬಿಟ್ಟ. “ಹಂಗಾರ ಮೊದಲ ನೀವು ದಾಟೂದು ಕಲೀರಿ.”

ಅದು 2003ರ ಜನವರಿ. ಹುಬ್ಬಳ್ಳಿ ಅಂಚಿನ ಗಬ್ಬೂರಿನ ಹೊಲಗಳಲ್ಲಿ ಆರುನೂರು ಮನೆಗಳ ಹೊಸ ಬಡಾವಣೆ ಏಳುವುದಿತ್ತು. ಅದರ ನಕ್ಷೆ ಬರೆಯುತ್ತಿದ್ದವರು ನಿವೃತ್ತ ಎಂಜಿನಿಯರ್ ಮೈಲಾರಪ್ಪನವರು. ಅವರ ಕಚೇರಿಯಲ್ಲಿ ದಾಕ್ಷಾಯಿಣಿಗೆ ಮೊದಲ ನೌಕರಿ. ಮನೆಗೊಂದು ಗಾಡಿ ಇಲ್ಲದೆಯೂ ಜನ ಬದುಕುವಂಥ ಬಡಾವಣೆ ಆಗಬೇಕು ಅನ್ನುವುದು ಮೈಲಾರಪ್ಪನವರ ಹಟ. ನಡೆಯುವವರಿಗೆ ನೆರಳಿನ ದಾರಿ, ಸೈಕಲ್ಲಿಗೆ ಬೇರೆ ದಾರಿ, ಐದು ನಿಮಿಷ ನಡೆದರೆ ಬಸ್ಸು. ಆದರೆ ಬಸ್ಸು ನಿಲ್ಲುವುದು ಬೈಪಾಸಿನ ಈ ಬದಿ, ಹೊಲಗಳಿರುವುದು ಆ ಬದಿ. ಎತ್ತಿನ ಚಕ್ಕಡಿಗಳ ಹಳೆಯ ದಾರಿ ಬೈಪಾಸನ್ನು ಮುಟ್ಟುವಲ್ಲಿ, ರಸ್ತೆಯ ಕೆಳಗೆ ಒಂದು ಅಂಡರ್‌ಪಾಸ್ ಬೇಕು ಅಂದಿದ್ದರು ಅವರು. ಜಮೀನಿನ ಮಾಲಕರು ಒಪ್ಪಿರಲಿಲ್ಲ. ಅಲ್ಲಿ ಎಷ್ಟು ಜನ ದಾಟುತ್ತಾರೆ, ಎಣಿಸಿ ತೋರಿಸಿ ಅಂದಿದ್ದರು.

ಮೂರು ದಿನದ ಎಣಿಕೆ. ಯಾವ ದಿನ ಅನ್ನುವುದು ದಾಕ್ಷಾಯಿಣಿಗೇ ಬಿಟ್ಟಿದ್ದು. ಸೋಮವಾರ ಕಚೇರಿಯ ಜೀಪು ಖಾಲಿ ಇರುತ್ತಿತ್ತು ಅಂತ ಮೊದಲನೆಯದನ್ನು ಸೋಮವಾರ ಇಟ್ಟುಕೊಂಡಳು.

ಎರಡನೆಯದನ್ನೂ ಸೋಮವಾರವೇ ಇಟ್ಟುಕೊಂಡಳು... ಅದಕ್ಕೆ ಜೀಪು ಕಾರಣವಲ್ಲ.

ಅವನ ಹೆಸರು ಬಸವಪ್ರಭು. ಆ ಹೊಲಗಳ ಅಂಚಿನಲ್ಲೇ ಅವರ ಮನೆ. ಮೊದಲ ದಿನ ಬೈದು ಹೋದವನು ಅರ್ಧ ತಾಸಿಗೆ ತಾಮ್ರದ ತಂಬಿಗೆಯಲ್ಲಿ ಮಜ್ಜಿಗೆ ತಂದು ಮುಂದಿಟ್ಟಿದ್ದ. ಮುಂದಿನ ಸೋಮವಾರ ನಿಲ್ದಾಣದ ಬದಿಯ ಬೇವಿನ ಮರದ ಕೆಳಗೆ ಅವಳು ಕೂರುವ ಮೊದಲೇ ಅಲ್ಲಿ ಗೋಣಿ ಹಾಸಿತ್ತು. ಬೈಪಾಸ್ ಬಂದ ಮೇಲೆ ಊರ ಹೆಣ್ಣುಮಕ್ಕಳು ಪೇಟೆಗೆ ಹೊರಡುವಾಗ ದೇವರ ಮುಂದೆ ಎಷ್ಟು ಹೊತ್ತು ನಿಲ್ಲುತ್ತಾರೆ ಅಂತ ಅವನು ಹೇಳಿದ. ಅವಳು ರಕ್ಕಸಿಯ ಕತೆ ಹೇಳಿದಳು. ಆ ಕತೆಯಲ್ಲಿ ರಾಜಕುಮಾರಿ ಎತ್ತಿನ ಬಾಲ ಹಿಡಿದು, ಹಿಂದೆ ನೋಡದೆ, ಬೆಂಕಿಯ ಹೊಳೆ ದಾಟುತ್ತಾಳೆ. ಅವನು ನಗಲಿಲ್ಲ. ಎತ್ತು ಯಾವ ಬಣ್ಣದ್ದು ಅಂತ ಕೇಳಿದ.

ಮೂರನೆಯ ಸೋಮವಾರವೂ ಹಾಗೆಯೇ ಕಳೆಯಿತು. ಹಾಳೆಯಲ್ಲಿ ಚಕ್ಕಡಿಯ ಸಾಲು ಮೂರು ದಿನವೂ ಖಾಲಿ ಉಳಿಯಿತು. ನಡೆದು ದಾಟಿದವರು ಬೆರಳೆಣಿಕೆಯಷ್ಟು. ಯಾಕೆ ಅಂತ ಯೋಚಿಸಲು ಅವಳ ಕಣ್ಣು ಹಾಳೆಯ ಮೇಲೆ ಇದ್ದರೆ ತಾನೇ...

ಫೆಬ್ರುವರಿಯಲ್ಲಿ ಊರ ಶಾಲೆಯ ಅಂಗಳದಲ್ಲಿ ನಕ್ಷೆ ತೂಗುಹಾಕಿದರು. ಅಂಡರ್‌ಪಾಸ್ ಇರಲಿಲ್ಲ. ಚಕ್ಕಡಿ ದಾರಿಯ ಬಾಯಿಗೆ ಅಡ್ಡಲಾಗಿ ಕಂಪೌಂಡ್ ಗೋಡೆ ಬಂದಿತ್ತು. ಯಾಕೆ ಅಂತ ಕೇಳಿದವರಿಗೆ ಮಾಲಕರ ಕಡೆಯವರು ಎಣಿಕೆಯ ಹಾಳೆ ಓದಿ ಹೇಳಿದರು. ಚಕ್ಕಡಿ, ಸೊನ್ನೆ.

ಸೊಪ್ಪು ಮಾರುವ ಗುಲ್ಜಾರಬಿ ಎದ್ದು ನಿಂತಳು. ಹೋದ ವರ್ಷ ಅದೇ ರಸ್ತೆಯಲ್ಲಿ ಬಿದ್ದು ಅವಳ ಮೊಣಕಾಲು ಸೊಟ್ಟಗಾಗಿತ್ತು. “ವಾರದಾಗ ಆರ ದಿನ ಈ ಬಸವಪ್ರಭುನ ಚಕ್ಕಡ್ಯಾಗ ಕುಂತ ಪ್ಯಾಟಿಗೆ ಹೊಕ್ಕೇನಿ. ನಾನೂ ಸೊನ್ನಿ ಏನ್ರಿ?”

ಆರು ದಿನ! ದಾಕ್ಷಾಯಿಣಿಗೆ ಈಗ ಹೊಳೆಯಿತು. ಸೋಮವಾರ ಬಸವಣ್ಣನ ದಿನ. ಅಂದು ಎತ್ತಿನ ಹೆಗಲಿಗೆ ನೊಗ ಇಡುವುದಿಲ್ಲ. ಚಕ್ಕಡಿ ಹೊರಡದಿದ್ದರೆ ಕಾಯಿಪಲ್ಲೆ ಹೊರಡುವುದಿಲ್ಲ, ಮಾರುವ ಹೆಣ್ಣುಮಕ್ಕಳೂ ಹೊರಡುವುದಿಲ್ಲ. ಸೋಮವಾರ ಒಪ್ಪತ್ತು ಮಾಡುವ ಅಜ್ಜಿಯ ಮಡಿಲಲ್ಲಿ ಬೆಳೆದವಳಿಗೆ ಇದು ಗೊತ್ತಿಲ್ಲದ್ದೇ?

ಬಸವಪ್ರಭು ಎಲ್ಲರ ನಡುವಿಂದ ಅವಳನ್ನೇ ನೋಡುತ್ತಿದ್ದ.

“ಉಳದ ದಿನಾನೂ ಯಾರರ ಬಂದ ಎಣಸಿರಬೇಕು ಅನ್ಕೊಂಡಿದ್ದೆ. ಮೂರೂ ಸಲ ಸೋಮವಾರಾನ ಯಾಕ ಬಂದ್ರಿ?”

ಇಡೀ ಅಂಗಳ ಅವಳ ಕಡೆ ತಿರುಗಿತು. ನಿಜ ಹೇಳಿದರೆ... ಇಷ್ಟು ಮಂದಿಯ ಎದುರು?

“ಸೊನ್ನಿ ಬರಲಿ ಅಂತನ ತಿಳದ ಬಂದಿದ್ರಿ,” ಅಂದ ಅವನು ಮೆಲ್ಲಗೆ. “ನಾ ಮಜ್ಜಿಗಿ ತಂದ ಕೊಟ್ಟೆ ನೋಡ್ರಿ.” ತಿರುಗಿ ಹೊರಟುಹೋದ.

ಹಳೇ ಹುಬ್ಬಳ್ಳಿಯ ಮನೆಗೆ ಬಂದವಳು ಊಟ ಮುಟ್ಟಲಿಲ್ಲ. ತಪ್ಪು ಒಪ್ಪಿಕೊಂಡರೆ ನೌಕರಿ ಹೋಗುತ್ತದೆ. ಹೋದರೆ, ಅರಳೆ ಅಂಗಡಿಯ ಅಪ್ಪ ಮರುದಿನವೇ ವರ ಹುಡುಕಲು ಹೊರಡುತ್ತಾನೆ. ಸುಮ್ಮನಿದ್ದರೆ... ಗುಲ್ಜಾರಬಿಯ ಸೊಟ್ಟ ಕಾಲು, ಆರುನೂರು ಮನೆಗಳ ಮಕ್ಕಳು, ಆ ಲಾರಿಗಳು. ಕಣ್ಣು ಮುಚ್ಚಿದರೆ ಹಾರ್ನು.

ಅಜ್ಜಿ ತಲೆ ನೇವರಿಸಿ, ಅಂಜಿಕಿ ಬಂದದ್ದು ತಪ್ಪಲ್ಲ, ನಡುದಾರ್ಯಾಗ ನಿಂದರಬ್ಯಾಡ ಅಷ್ಟ ಅಂದಳು.

ಬೆಳಗಾಗುತ್ತಲೇ ಮೈಲಾರಪ್ಪನವರ ಎದುರು ನಿಂತು ಎಲ್ಲ ಹೇಳಿದಳು, ಒಂದು ಮಾತು ಬಿಟ್ಟು. ಅವರು ಗೋಡೆಯ ಕ್ಯಾಲೆಂಡರ್ ನೋಡಿದರು. ಆಮೇಲೆ, ಅಂತಿಮ ಸಹಿಗೆ ಇನ್ನೂ ಒಂದು ವಾರ ಐತಿ, ನಾಳೆ ಮಂಗಳವಾರ, ಹೋಗಿ ಎಣಸು ಅಂದರು.

“ಆದರ ಈ ಸಲ ಆ ಬದಿ ಕೂಡಬೇಕವ್ವಾ. ರಸ್ತೆ ತನಕ ಬಂದು, ಅಂಜಿ, ದಾಟದ ತಿರುಗಿ ಹೋದವರನ್ನೂ ಎಣಸಬೇಕು. ಅವರು ಈ ಬದಿಯಿಂದ ಕಾಣಂಗಿಲ್ಲ.”

ಆ ಬದಿ. ಅಂದರೆ ದಾಟಬೇಕು.

ಮಂಗಳವಾರ ಮುಂಜಾನೆ ಆರಕ್ಕೆ ಮಂಜು ಕವಿದಿತ್ತು. ಲಾರಿಗಳು ಕಾಣುತ್ತಿರಲಿಲ್ಲ, ಸದ್ದಷ್ಟೇ ಕೇಳುತ್ತಿತ್ತು. ಒಂದು ಹೆಜ್ಜೆ ಇಟ್ಟಳು, ಹಿಂದೆಗೆದಳು. ಮತ್ತೆ ಇಟ್ಟಳು... ಆಗಲಿಲ್ಲ. ಅಂಜಿ ತಿರುಗಿ ಹೋದವರ ಸಾಲಿನಲ್ಲಿ ಮೊದಲ ಗೆರೆ ತನ್ನದೇ ಆಗುತ್ತದೆ ಅನಿಸಿ ಕಣ್ಣು ತುಂಬಿ ಬಂದವು.

ಮಂಜಿನೊಳಗಿಂದ ಗಂಟೆ ಸದ್ದಾಯಿತು. ಎರಡು ಬಿಳಿ ಎತ್ತು, ಹಿಂದೆ ಚಕ್ಕಡಿ, ನೊಗದ ಬಳಿ ಬಸವಪ್ರಭು. ಮೇಲೆ ಸೊಪ್ಪಿನ ಬುಟ್ಟಿಗಳ ನಡುವೆ ಗುಲ್ಜಾರಬಿ. ಆ ಬದಿಯಿಂದ ದಾಟಿ ಬಂದವನು ಅವಳನ್ನು ಕಂಡ, ಅವಳ ಕೈಯಲ್ಲಿದ್ದ ಹಾಳೆ ಕಂಡ, ಮುಂದಿಟ್ಟು ಹಿಂದೆಗೆದ ಹೆಜ್ಜೆ ಕಂಡ. ಗುಲ್ಜಾರಬಿಯನ್ನು ಇಳಿಸಿ, ಬಂದ ದಾರಿಗೇ ಚಕ್ಕಡಿ ತಿರುಗಿಸಿದ.

“ಹಿಂದಿನ ಹಲಗಿ ಹಿಡೀರಿ.”

ಹಿಡಿದಳು. ನಡುದಾರಿಗೆ ಬಂದಾಗ ಮಂಜು ಹರಿದು ಎರಡು ದೀಪ ಕಂಡವು. ಎತ್ತು ಬೆಚ್ಚಿ ನಿಂತವು. ಕೈ ಬಿಟ್ಟು ಹಿಂದೆ ಓಡಿಬಿಡಲೇ?... ಹಲಗೆಯನ್ನು ಇನ್ನೂ ಗಟ್ಟಿಯಾಗಿ ಹಿಡಿದಳು. ಅವನ ದನಿ ಎತ್ತಿನ ಕಿವಿಯ ಬಳಿ ಮೆಲ್ಲಗೆ ಏನೋ ಹೇಳುತ್ತಿತ್ತು. ಚಕ್ಕಡಿ ಮುಂದಕ್ಕೆ ಜಗ್ಗಿತು. ಬೆನ್ನ ಹಿಂದೆ ಲಾರಿ ಗಾಳಿಯಂತೆ ಹಾದುಹೋಯಿತು. ಪಾದಕ್ಕೆ ಮಣ್ಣು ತಾಗಿತು.

ಹಲಗೆಯಿಂದ ಬೆರಳು ಬಿಡಿಸಿಕೊಳ್ಳಲೇ ಅವಳಿಗೆ ಆಗಲಿಲ್ಲ.

“ಸೋಮವಾರ ಯಾಕಂತ ಕೇಳಿದ್ರಿ,” ಅಂದಳು ತಲೆ ಎತ್ತದೆ. “ಎತ್ತಿಗೆ ಬಿಡುವು ಅಂತ ನಿಮಗೂ ಬಿಡುವಿತ್ತು, ಅದು ಈಗ ತಿಳೀತು. ನೀವು ಬರ್ತಿದ್ರಿ. ಅದಕ್ಕ ನಾನೂ ಸೋಮವಾರಾನ ಬಂದೆ. ಬ್ಯಾರೆ ಏನೂ ತಿಳೀಲಿಲ್ರಿ ನನಗ.”

ಅವನು ಬಾರುಕೋಲು ಹಿಡಿದು ನಿಂತೇ ಇದ್ದ. ಆಚೆಯಿಂದ ಗುಲ್ಜಾರಬಿ, ಸೊಪ್ಪು ಬಾಡತೈತೋ ಪ್ರಭು ಅಂತ ಕೂಗಿದಳು. ಅವನು ಚಕ್ಕಡಿ ತಿರುಗಿಸಿಕೊಂಡು ಹೋದ.

ದಿನವಿಡೀ ಅವಳು ಗೆರೆ ಎಳೆದಳು. ಸಂಜೆ ಮೈಲಾರಪ್ಪನವರು ಜೀಪಿನಲ್ಲಿ ಬಂದು ಹಾಳೆ ನೋಡಿದರು. ಚಕ್ಕಡಿ ನಲವತ್ತಾರು. ಕಾಲ್ನಡಿಗೆಯವರು ಇನ್ನೂರ ಹನ್ನೆರಡು. ಅಂಜಿ ತಿರುಗಿದವರು ಹತ್ತೊಂಬತ್ತು. ಕೊನೆಯ ಅಂಕಿಯ ಮೇಲೆ ಅವರ ಬೆರಳು ನಿಂತಿತು. ಜೀಪಿನ ಬಾನೆಟ್ಟಿನ ಮೇಲೆ ನಕ್ಷೆ ಹರಡಿ, ಗೋಡೆಯನ್ನು ಅಳಿಸಿ, ಅಂಡರ್‌ಪಾಸಿನ ಜೋಡಿಗೆರೆ ತಾವೇ ಎಳೆದರು. ಆ ಹತ್ತೊಂಬತ್ತನ್ನು ಓದಿದ ಮೇಲೆ ಮಾಲಕರೂ ವಾರದೊಳಗೆ ಆ ನಕ್ಷೆಗೇ ಸಹಿ ಹಾಕಿದರು.

ಅಂದು ಹೊತ್ತು ಮುಳುಗುವ ಮೊದಲು ಪೇಟೆಯಿಂದ ಖಾಲಿ ಚಕ್ಕಡಿ ಮರಳಿತು. ಬಸವಪ್ರಭು ಇಳಿದು ಬಂದು ಹಾಳೆಗೆ ಬಗ್ಗಿದ.

“ಇವತ್ತ ನಾಕ ಸಲ ದಾಟೇನಿ. ಎಷ್ಟ ಬರಕೊಂಡ್ರಿ?”

“ಎರಡು. ಪ್ಯಾಟಿಗೆ ಹೋದದ್ದೊಂದು, ಈಗ ಬಂದದ್ದೊಂದು.”

“ಉಳದ ಎರಡು?”

“ಅವು ನನ್ನ ಸಲುವಾಗಿ ದಾಟಿದ್ದು.” ಅವಳು ಹಾಳೆ ಮಡಚಿದಳು. “ಅವನ್ನ ಕಚೇರಿಗೆ ಕೊಡಂಗಿಲ್ರಿ.”

ಅವನು ಮೊದಲ ಸಲ ನಕ್ಕ. “ಮುಂದಿನ ಸೋಮವಾರ ನಿಮ್ಮ ಮನಿಗೆ ಬರ್ತೇನಿ. ಅಪ್ಪಾರ ಜೋಡಿ ಮಾತಾಡಬೇಕು... ಅಂಜಿಕಿ ಆಗತೈತಿ, ಖರೇ.”

ದಾಕ್ಷಾಯಿಣಿ ಚಕ್ಕಡಿಯ ಹಲಗೆಯ ಮೇಲೆ, ಅವನ ಕೈಯ ಪಕ್ಕದಲ್ಲಿ ತನ್ನ ಕೈ ಇಟ್ಟಳು.

“ನಡುದಾರ್ಯಾಗ ನಿಂದರಬ್ಯಾಡ್ರಿ,” ಅಂದಳು, “ಅಷ್ಟ.”